ಅರ್ಜಿಗಳೊಂದಿಗೆ ಸಲ್ಲಿಸುವ ಛಾಯಾಚಿತ್ರಗಳಲ್ಲಿ ಬೇಡದ ವಸ್ತುಗಳನ್ನು ಅಳಿಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ವಿವಿಧ ಸೇವೆಗಳನ್ನು ಕೋರಿ ಸಾರ್ವಜನಿಕರು ಸಲ್ಲಿಸುವ ಅರ್ಜಿಗಳಲ್ಲಿ ಛಾಯಾಚಿತ್ರವು ಒಂದು ಮುಖ್ಯ ಲಗತ್ತಾಗಿರುತ್ತದೆ. ಅರ್ಜಿದಾರರ ಭಾವಚಿತ್ರ, ಮನೆ ಅಥವಾ ನಿವೇಶನದ ಚಿತ್ರ, ಹಾನಿಗೊಳಗಾದ ಬೆಳೆಯ ಚಿತ್ರ, ಮಳೆಗೆ ಕುಸಿದ ಗೋಡೆಯ ಚಿತ್ರ ಮುಂತಾದವು ಈ ಸಾಲಿಗೆ ಸೇರುತ್ತವೆ. ಈ ಹಿಂದೆ ಇಂತಹ ಚಿತ್ರಗಳನ್ನು ಸ್ಟುಡಿಯೋದವರಿಂದ ತೆಗೆಸಿ, ಮುದ್ರಿತ ಪ್ರತಿಯನ್ನು ಅರ್ಜಿಗೆ ಅಂಟಿಸಿ ಸಲ್ಲಿಸಲಾಗುತ್ತಿತ್ತು. ಪ್ರಸ್ತುತ ಬಹುತೇಕ ಅರ್ಜಿದಾರರು ತಮ್ಮ ಅಥವಾ ತಮ್ಮ ಮಕ್ಕಳ ಮೊಬೈಲ್‌ನಲ್ಲಿಯೇ ಚಿತ್ರ ತೆಗೆದು ಸಲ್ಲಿಸುತ್ತಿದ್ದಾರೆ.

ಅದೇ ಮೊಬೈಲ್‌ನಲ್ಲಿ, ಚಿತ್ರದಲ್ಲಿರುವ ಬೇಡದ ವಸ್ತುವನ್ನು ಬೆರಳಿನಿಂದ ಸವರಿ ಕ್ಷಣಮಾತ್ರದಲ್ಲಿ ಅಳಿಸುವ ಸೌಲಭ್ಯವೂ ಇರುತ್ತದೆ. ಮನೆಯ ಮುಂದಿನ ತಿಪ್ಪೆ, ಅಡ್ಡ ನಿಂತ ಚಕ್ಕಡಿ, ಬಾಗಿಲಿನ ಮೇಲೆ ಹಾಯ್ದ ವಿದ್ಯುತ್ ತಂತಿ, ಇಣುಕಿ ನೋಡುತ್ತಿರುವ ನೆರೆಮನೆಯ ಹುಡುಗ ಇವೆಲ್ಲವನ್ನೂ ಅಳಿಸಿ ಚಿತ್ರವನ್ನು ಅಂದಗೊಳಿಸಬಹುದಾಗಿದೆ. ಸದರಿ ಸೌಲಭ್ಯವನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು, ಹಾಗೂ ಅದಕ್ಕೆ ಕಾರಣವೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ. ಗದಗ ಜಿಲ್ಲೆಯ ಕಣಗಿನಹಾಳ ಮತ್ತು ಸುತ್ತಮುತ್ತಲಿನ ಗ್ರಾಮಗಳ ಅರ್ಜಿದಾರರನ್ನು ಗಮನದಲ್ಲಿರಿಸಿಕೊಂಡು ಇದನ್ನು ಸಿದ್ಧಪಡಿಸಲಾಗಿದ್ದು, ಇಲ್ಲಿನ ವಿಷಯಗಳು ಇತರ ಎಲ್ಲ ಅರ್ಜಿದಾರರಿಗೂ ಸಮನಾಗಿ ಅನ್ವಯಿಸುತ್ತವೆ.

2. ಒಂದು ಪ್ರಕರಣ

ವಿಷಯವು ಸ್ಪಷ್ಟವಾಗಲೆಂದು, ಈ ಲೇಖಕರ ಗಮನಕ್ಕೆ ಬಂದ ಒಂದು ಪ್ರಕರಣವನ್ನು ಮೊದಲಿಗೆ ವಿವರಿಸಲಾಗಿದೆ. ಗ್ರಾಮ ಹಾಗೂ ವ್ಯಕ್ತಿಗಳ ಹೆಸರನ್ನು ಇಲ್ಲಿ ನಮೂದಿಸಿರುವುದಿಲ್ಲ.

ರೈತರೊಬ್ಬರು ತಮ್ಮ ಮನೆಯ ಆಸ್ತಿ ದಾಖಲೆಯ ಪ್ರತಿಗಾಗಿ ಅರ್ಜಿ ಸಲ್ಲಿಸಿದ್ದರು. ಮಗಳ ಕಾಲೇಜು ಶುಲ್ಕಕ್ಕಾಗಿ ಪಡೆಯಲಿದ್ದ ಸಾಲಕ್ಕೆ ಆ ಪ್ರತಿಯು ಅಗತ್ಯವಾಗಿತ್ತು. ಅರ್ಜಿಯೊಂದಿಗೆ ಮನೆಯ ಮುಂಭಾಗದ ಛಾಯಾಚಿತ್ರವನ್ನು ಲಗತ್ತಿಸಲಾಗಿತ್ತು. ಚಿತ್ರವು ಬಹಳ ಸ್ವಚ್ಛವಾಗಿತ್ತು. ಮನೆಯ ಬಲಮೂಲೆಯಿಂದ ರಸ್ತೆಯವರೆಗೆ ನೆಲವು ಖಾಲಿ ಇತ್ತು. ಆದರೆ ಸ್ಥಳ ಪರಿಶೀಲನೆಗೆ ತೆರಳಿದ ಸಿಬ್ಬಂದಿಗೆ ಅದೇ ಮೂಲೆಯಲ್ಲಿ ಸಾರ್ವಜನಿಕ ನಳ ಮತ್ತು ಅದರ ಕಟ್ಟೆ ಕಂಡುಬಂದವು. ಓಣಿಯ ಹೆಣ್ಣುಮಕ್ಕಳು ಅಲ್ಲಿ ಕೊಡಗಳನ್ನು ಇರಿಸಿ ನೀರು ತುಂಬಿಕೊಳ್ಳುತ್ತಿದ್ದರು. ಚಿತ್ರದಲ್ಲಿ ನಳವಿಲ್ಲವೆಂಬ ಸುದ್ದಿ ಓಣಿಯಲ್ಲಿ ಹರಡಿದ ಕೂಡಲೇ, ನಳದ ಜಾಗವನ್ನು ತಮ್ಮ ಆಸ್ತಿಗೆ ಸೇರಿಸಿಕೊಳ್ಳಲು ಯತ್ನಿಸಲಾಗುತ್ತಿದೆ ಎಂದು ನೆರೆಯವರು ಲಿಖಿತ ತಕರಾರು ಸಲ್ಲಿಸಿದರು. ಕಡತವು ಅಲ್ಲಿಗೇ ನಿಂತಿತು.

ವಿಚಾರಣೆಯ ದಿನ ಅರ್ಜಿದಾರರು ಹೇಳಿದ ಮಾತು ಹೀಗಿತ್ತು: “ಸಾಹೇಬ್ರ, ಹುಡುಗ ಮನಿ ಚಂದ ಕಾಣ್ಲಿ ಅಂತ ತಗದಾನ್ರೀ. ನಳ ಎಲ್ಲಿ ಹೊಕ್ಕೈತ್ರೀ, ಅಲ್ಲೇ ಐತಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗನು ಶಾಲೆಯ ಯೋಜನಾ ಕಾರ್ಯಕ್ಕಾಗಿ ಕಲಿತಿದ್ದ ತಂತ್ರಾಂಶದಿಂದ ನಳವನ್ನೂ ಕೊಡಗಳನ್ನೂ ಅಳಿಸಿದ್ದನು. ಅದೃಷ್ಟವಶಾತ್ ಮೂಲ ಚಿತ್ರವು ಅದೇ ಮೊಬೈಲ್‌ನಲ್ಲಿ ಹಾಗೆಯೇ ಉಳಿದಿತ್ತು. ಮೂಲ ಚಿತ್ರವನ್ನು ಹಾಜರುಪಡಿಸಿ, ಲಿಖಿತ ವಿವರಣೆ ನೀಡಿ, ಹೊಸದಾಗಿ ಸ್ಥಳ ಮಹಜರು ನಡೆದ ಬಳಿಕ ಅವರ ಅರ್ಜಿಯು ಇತ್ಯರ್ಥವಾಯಿತು. ಆದರೆ ಅಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಶುಲ್ಕ ಪಾವತಿಯ ದಿನಾಂಕವೂ ಮೀರಿದ್ದರಿಂದ ಅವರು ಆ ಹಣವನ್ನು ಕೈಗಡವಾಗಿ ಹೊಂದಿಸಬೇಕಾಯಿತು. ನೆರೆಯವರೊಡನೆ ಕೆಟ್ಟ ಮಾತು ಸರಿಹೋಗಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಈ ಪ್ರಕರಣದಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಆದರೂ ತೊಂದರೆಯಾಯಿತು. ಏಕೆಂಬುದನ್ನು ತಿಳಿಯಲು ತಂತ್ರಾಂಶವು ಕೆಲಸ ಮಾಡುವ ಬಗೆಯನ್ನು ಅರಿಯುವುದು ಅವಶ್ಯಕ.

3. ತಂತ್ರಾಂಶವು ವಾಸ್ತವವಾಗಿ ಮಾಡುವುದೇನು?

ಗಣಕಯಂತ್ರದಲ್ಲಿ ಛಾಯಾಚಿತ್ರವೆಂದರೆ ಪಿಕ್ಸೆಲ್ ಎಂಬ ಅತಿ ಸಣ್ಣ ಬಣ್ಣದ ಚುಕ್ಕೆಗಳ ಸಾಲುಗಳು. ಪ್ರತಿ ಚುಕ್ಕೆಯ ಬಣ್ಣವೂ ಅಂಕಿಗಳ ರೂಪದಲ್ಲಿ ದಾಖಲಾಗಿರುತ್ತದೆ. ಚಿತ್ರದಿಂದ ನಳವನ್ನು ‘ತೆಗೆದರೆ’ ಅದರ ಹಿಂದಿನ ಗೋಡೆ ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ನಳದ ಹಿಂದೆ ಏನಿತ್ತು ಎಂಬುದನ್ನು ಕ್ಯಾಮೆರಾ ನೋಡಿಯೇ ಇರುವುದಿಲ್ಲ. ಆದ್ದರಿಂದ ಆ ಮಾಹಿತಿಯು ಚಿತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ತಂತ್ರಾಂಶವು ಆ ಜಾಗವನ್ನು ಬೇರೆ ಚುಕ್ಕೆಗಳಿಂದ ತುಂಬುತ್ತದೆ. ತುಂಬುವ ವಿಧಾನಗಳು ಈ ಕೆಳಕಂಡಂತೆ ಇವೆ.

(ಅ) ನಕಲು ವಿಧಾನ: ಚಿತ್ರದ ಒಂದು ಭಾಗದ ಚುಕ್ಕೆಗಳನ್ನು ಬಳಕೆದಾರರೇ ಆಯ್ದು, ಬೇಡದ ವಸ್ತುವಿನ ಮೇಲೆ ಮುದ್ರೆಯೊತ್ತಿದಂತೆ ಒತ್ತುವುದು. ತಂತ್ರಾಂಶಗಳಲ್ಲಿ ಇದನ್ನು ಕ್ಲೋನ್ ಸಾಧನವೆಂದು ಕರೆಯಲಾಗುತ್ತದೆ.

(ಆ) ಬೆಸುಗೆ ವಿಧಾನ: ನಕಲು ಮಾಡಿದ ಭಾಗದ ಬಣ್ಣ ಮತ್ತು ಬೆಳಕನ್ನು ಸುತ್ತಲಿನ ಭಾಗಕ್ಕೆ ಹೊಂದುವಂತೆ ಬೆರೆಸುವುದು. ಇದಕ್ಕೆ ಹೀಲಿಂಗ್ ಸಾಧನವೆಂದು ಹೆಸರು. 2002ರ ಫೋಟೋಶಾಪ್ ಆವೃತ್ತಿಯಲ್ಲಿ ಈ ಸಾಧನವು ಬಂದ ಬಳಿಕ ಗೀರು, ಕಲೆಗಳನ್ನು ತೆಗೆಯುವ ಕೆಲಸ ಬಹಳ ಸುಲಭವಾಯಿತು.

(ಇ) ಸ್ವಯಂಚಾಲಿತ ವಿಧಾನ: ಬೇಡದ ವಸ್ತುವಿನ ಸುತ್ತ ಗೆರೆ ಎಳೆದರೆ ಸಾಕು, ಉಳಿದ ಚಿತ್ರದಲ್ಲಿ ಹೋಲುವ ತುಣುಕುಗಳನ್ನು ಹುಡುಕಿ ತಂತ್ರಾಂಶವೇ ಜಾಗವನ್ನು ತುಂಬುತ್ತದೆ. 2010ರಲ್ಲಿ ಈ ವಿಧಾನವು ಫೋಟೋಶಾಪ್‌ನಲ್ಲಿ ಅಳವಡಿಕೆಯಾಯಿತು. 2021ರಿಂದ ಕೆಲವು ಮೊಬೈಲ್‌ಗಳಲ್ಲಿ ‘ಮ್ಯಾಜಿಕ್ ಇರೇಸರ್’ ಎಂಬ ಹೆಸರಿನಲ್ಲಿ ಇಂತಹ ಸೌಲಭ್ಯವು ದೊರೆಯಿತು.

(ಈ) ಕೃತಕ ಬುದ್ಧಿಮತ್ತೆಯ ವಿಧಾನ: ಇಲ್ಲಿ ತಂತ್ರಾಂಶವು ಅದೇ ಚಿತ್ರದ ತುಣುಕುಗಳನ್ನಷ್ಟೇ ಬಳಸುವುದಿಲ್ಲ. ತಾನು ಈ ಹಿಂದೆ ಕಲಿತ ಅಸಂಖ್ಯಾತ ಚಿತ್ರಗಳ ಆಧಾರದಲ್ಲಿ ಹೊಸದಾಗಿ ಗೋಡೆ, ಗಿಡ, ಕಿಟಕಿಗಳನ್ನು ರಚಿಸಿ ತುಂಬುತ್ತದೆ. 2023ರಿಂದ ಈ ವಿಧಾನವು ಸಾಮಾನ್ಯ ಬಳಕೆದಾರರ ಕೈಗೂ ತಲುಪಿದೆ.

ನಾಲ್ಕೂ ವಿಧಾನಗಳಲ್ಲಿ ಒಂದು ಅಂಶವು ಸಮಾನವಾಗಿದೆ. ಅಳಿಸಿದ ಜಾಗದಲ್ಲಿ ನಮಗೆ ಕಾಣುವುದು ಊಹೆಯೇ ಹೊರತು ಕಂಡ ಸಂಗತಿಯಲ್ಲ. ಕುಶಲತೆ ಹೆಚ್ಚಿದಷ್ಟೂ ಊಹೆಯು ನಿಜದಂತೆ ಕಾಣುತ್ತದೆ. ಅದು ಊಹೆಯಾಗಿಯೇ ಉಳಿಯುತ್ತದೆ. ಮೇಲ್ಕಂಡ ಪ್ರಕರಣದಲ್ಲಿ ನಳದ ಜಾಗಕ್ಕೆ ತಂತ್ರಾಂಶವು ಮನೆಯ ಮುಂದಿನ ನೆಲವನ್ನೇ ವಿಸ್ತರಿಸಿತ್ತು. ಸಾರ್ವಜನಿಕ ಜಾಗವು ಖಾಸಗಿ ಅಂಗಳದಂತೆ ಕಂಡದ್ದು ಹೀಗೆ.

4. ಈ ಕಲೆಯು ಹೊಸದಲ್ಲ

ಛಾಯಾಚಿತ್ರವನ್ನು ತಿದ್ದುವ ಪದ್ಧತಿಯು ಗಣಕಯಂತ್ರಕ್ಕಿಂತ ಹಳೆಯದು. ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ತಿದ್ದಿ ಮುಖದ ಸುಕ್ಕುಗಳನ್ನು ಮರೆಸುತ್ತಿದ್ದರು. ಮುದ್ರಣ ಕಾಶಿಯೆಂದು ಹೆಸರಾದ ಗದಗ-ಬೆಟಗೇರಿಯ ಹಿರಿಯ ಮುದ್ರಣಕಾರರಿಗೆ ಈ ವಿಷಯ ಹೊಸದಾಗಿರಲಾರದು. ಆಫ್‌ಸೆಟ್ ಮುದ್ರಣದಲ್ಲಿ ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ, ಬೇಡದ ಚುಕ್ಕೆ ಮತ್ತು ಗೆರೆಗಳ ಮೇಲೆ ಕುಂಚದಿಂದ ಬಣ್ಣ ಬಳಿದು ಅವು ಅಚ್ಚಾಗದಂತೆ ತಡೆಯುವುದು ದಿನನಿತ್ಯದ ಕೆಲಸವಾಗಿತ್ತು.

1990ರಲ್ಲಿ ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವು ಮಾರುಕಟ್ಟೆಗೆ ಬಂದಿತು. 1996ರಲ್ಲಿ ಗಿಂಪ್ ಎಂಬ ಉಚಿತ ತಂತ್ರಾಂಶವು ಬಿಡುಗಡೆಯಾಯಿತು. ಕುಂಚದವರ ಕೆಲಸವು ಹೀಗೆ ಗಣಕಯಂತ್ರಕ್ಕೆ ವರ್ಗಾವಣೆಗೊಂಡಿತು.

ಈ ಕಲೆಯ ದುರ್ಬಳಕೆಯ ಇತಿಹಾಸವೂ ಹಳೆಯದೇ. ಸೋವಿಯತ್ ಒಕ್ಕೂಟದ ನಾಯಕ ಸ್ಟಾಲಿನ್ ಅವರ ಪಕ್ಕದಲ್ಲಿ, ಮಾಸ್ಕೋದ ಕಾಲುವೆಯ ದಡದಲ್ಲಿ, ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೊವ್ ನಿಂತಿರುವ ಛಾಯಾಚಿತ್ರವೊಂದಿತ್ತು. ಯೆಜೊವ್ ಅಧಿಕಾರ ಕಳೆದುಕೊಂಡು 1940ರಲ್ಲಿ ಮರಣದಂಡನೆಗೆ ಗುರಿಯಾದರು. ಬಳಿಕ ಪ್ರಕಟವಾದ ಅದೇ ಚಿತ್ರದಲ್ಲಿ ಅವರು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಕಾಣುತ್ತದೆ. ಮೊದಲ ಪ್ರತಿಯು ಉಳಿದುಬಂದಿದ್ದರಿಂದ ಈ ಸಂಗತಿಯು ಲೋಕಕ್ಕೆ ತಿಳಿಯಿತು. ಮೂಲ ಪ್ರತಿಯ ಮಹತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ಬೇಕಾಗಿಲ್ಲ.

5. ಕಣಗಿನಹಾಳ ಮತ್ತು ಲೆಕ್ಕದ ಪುಸ್ತಕದ ನಿಯಮ

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯು ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪನೆಯಾಯಿತು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಈ ಗ್ರಾಮಕ್ಕೆ ಮೊದಲ ಸಾಲಿನ ಸ್ಥಾನವಿರುವುದು ಎಲ್ಲರಿಗೂ ತಿಳಿದ ವಿಷಯ.

ಪತ್ತು ಎಂದರೆ ನಂಬಿಕೆ. ಪತ್ತಿನ ಸಂಘವು ನಡೆಯುವುದು ಸದಸ್ಯರ ಪರಸ್ಪರ ನಂಬಿಕೆಯ ಮೇಲೆ. ಆ ನಂಬಿಕೆಯು ನಿಲ್ಲುವುದು ಲೆಕ್ಕದ ಪುಸ್ತಕದ ಮೇಲೆ. ಸಹಕಾರಿ ಸಂಘಗಳ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಪರಿಶೋಧಿಸಬೇಕೆಂದು 1912ರ ಕಾಯ್ದೆಯು ವಿಧಿಸಿದ್ದು ಇದೇ ಕಾರಣಕ್ಕೆ.

ಲೆಕ್ಕಶಾಸ್ತ್ರ ಓದಿದವರಿಗೆಲ್ಲ ಮೊದಲ ತಿಂಗಳಿನಲ್ಲಿಯೇ ಕಲಿಸುವ ಒಂದು ನಿಯಮವಿದೆ. ಖಾತೆಯಲ್ಲಿ ಅಂಕಿಯು ತಪ್ಪಾಗಿದ್ದರೆ ಅದನ್ನು ಕೆರೆದು ಅಳಿಸಬಾರದು. ಅದರ ಮೇಲೆ ಬಿಳಿ ಬಣ್ಣ ಬಳಿಯಬಾರದು. ತಪ್ಪು ಅಂಕಿಯು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿಯನ್ನು ಪಕ್ಕದಲ್ಲಿ ಬರೆದು, ದಿನಾಂಕದೊಂದಿಗೆ ಚಿಕ್ಕ ಸಹಿ ಮಾಡಬೇಕು. ಅಳಿಸಿದ ಜಾಗವನ್ನು ಕಂಡ ಲೆಕ್ಕಪರಿಶೋಧಕರು ಆ ಒಂದು ಅಂಕಿಯನ್ನಷ್ಟೇ ಅಲ್ಲ, ಇಡೀ ಪುಟವನ್ನು ಸಂಶಯದಿಂದ ನೋಡುತ್ತಾರೆ.

ಅರ್ಜಿಯೊಂದಿಗೆ ಸಲ್ಲಿಸುವ ಛಾಯಾಚಿತ್ರಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ಅದು ಗೋಡೆಗೆ ತೂಗುಹಾಕುವ ಚಿತ್ರವಲ್ಲ; ಒಂದು ದಿನ, ಒಂದು ಸ್ಥಳದಲ್ಲಿ ಇದ್ದ ಸ್ಥಿತಿಯ ನಮೂದು. ನಮೂದನ್ನು ಅಳಿಸುವಂತಿಲ್ಲ. ವಿವರಣೆ ಬೇಕಾದಲ್ಲಿ ಪಕ್ಕದಲ್ಲಿ ಬರೆಯಬಹುದು.

6. ಯಾವುದು ಸರಿ, ಯಾವುದು ಸರಿಯಲ್ಲ

ಅರ್ಜಿದಾರರ ಅನುಕೂಲಕ್ಕಾಗಿ ಬೇರೆಬೇರೆ ಸಂದರ್ಭಗಳನ್ನು ಈ ಕೆಳಗೆ ವಿಂಗಡಿಸಿ ನೀಡಲಾಗಿದೆ.

(ಅ) ಅರ್ಜಿದಾರರ ಭಾವಚಿತ್ರ

ಚಿತ್ರದ ಅಂಚುಗಳನ್ನು ಕತ್ತರಿಸಿ ನಿಗದಿತ ಅಳತೆಗೆ ತರುವುದು ಮತ್ತು ಅರ್ಜಿಯಲ್ಲಿ ತಿಳಿಸಿದ ಮಿತಿಗೆ ಕಡತದ ಗಾತ್ರವನ್ನು ಇಳಿಸುವುದು ತಿದ್ದುಪಡಿ ಎನಿಸುವುದಿಲ್ಲ. ಮುಖದ ಮೇಲಿನ ಮಚ್ಚೆ, ಗಾಯದ ಗುರುತು, ಸುಕ್ಕುಗಳನ್ನು ಅಳಿಸುವುದು ಸರಿಯಲ್ಲ. ಇವು ಗುರುತಿನ ಚಿಹ್ನೆಗಳು. ಹಲವು ಮೊಬೈಲ್‌ಗಳು ‘ಬ್ಯೂಟಿ’ ಎಂಬ ವ್ಯವಸ್ಥೆಯ ಮೂಲಕ ಬಳಕೆದಾರರನ್ನು ಕೇಳದೆಯೇ ಚರ್ಮವನ್ನು ನುಣುಪಾಗಿಸುತ್ತವೆ. ಚಿತ್ರ ತೆಗೆಯುವ ಮುನ್ನ ಈ ವ್ಯವಸ್ಥೆಯನ್ನು ನಿಲ್ಲಿಸತಕ್ಕದ್ದು. ಕನ್ನಡಕವನ್ನು ತಂತ್ರಾಂಶದಿಂದ ಅಳಿಸಬಾರದು. ಬೇಡವಾದಲ್ಲಿ ಕಣ್ಣಿನಿಂದ ತೆಗೆದಿಟ್ಟು ಚಿತ್ರ ತೆಗೆಸುವುದು. ಹಿನ್ನೆಲೆಯು ಬಿಳಿಯಾಗಿರಬೇಕೆಂದು ಸೂಚಿಸಿದ್ದಲ್ಲಿ ಬಿಳಿ ಗೋಡೆ ಅಥವಾ ಬಿಳಿ ಪಂಚೆಯ ಮುಂದೆ ಕುಳಿತು ಚಿತ್ರ ತೆಗೆಸುವುದು ಉತ್ತಮ. ತಂತ್ರಾಂಶದಿಂದ ಹಿನ್ನೆಲೆಯನ್ನು ಅಳಿಸಿದಾಗ ಕಿವಿ ಮತ್ತು ತಲೆಗೂದಲಿನ ಅಂಚುಗಳು ಕತ್ತರಿಸಿದಂತಾಗಿ ಚಿತ್ರವು ತಿರಸ್ಕೃತವಾಗಬಹುದು.

ಆಧಾರ್ ನೋಂದಣಿ ಕೇಂದ್ರಗಳಲ್ಲಿ ಮತ್ತು ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ವಯಸ್ಕರ ಭಾವಚಿತ್ರವನ್ನು ಸ್ಥಳದಲ್ಲಿಯೇ ತೆಗೆಯಲಾಗುತ್ತದೆ. ಆದ್ದರಿಂದ ಆ ಉದ್ದೇಶಕ್ಕಾಗಿ ಹಣ ನೀಡಿ ಚಿತ್ರವನ್ನು ತಿದ್ದಿಸುವ ಅಗತ್ಯವೇ ಇರುವುದಿಲ್ಲ.

(ಆ) ಮನೆ ಮತ್ತು ನಿವೇಶನದ ಚಿತ್ರ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ಇ-ಸ್ವತ್ತು ದಾಖಲೆಯಲ್ಲಿ ಆಸ್ತಿಯ ಚಿತ್ರವೂ ಇರುತ್ತದೆ. ಆಸ್ತಿಯ ಚೆಕ್ಕುಬಂದಿಯಲ್ಲಿ ನಮೂದಾಗಿರುವ ರಸ್ತೆ, ನೆರೆಮನೆಯ ಗೋಡೆ, ಹಿತ್ತಲು, ಚರಂಡಿ, ನಳ, ವಿದ್ಯುತ್ ಕಂಬ, ಗಿಡಮರ ಇವುಗಳಲ್ಲಿ ಯಾವುದನ್ನೂ ಚಿತ್ರದಿಂದ ಅಳಿಸುವಂತಿಲ್ಲ. ಇವು ಬೇಡದ ವಸ್ತುಗಳಂತೆ ಕಂಡರೂ ಆಸ್ತಿಯ ಎಲ್ಲೆಯನ್ನು ಗುರುತಿಸುವ ಸಾಕ್ಷಿಗಳು.

(ಇ) ವಸತಿ ಯೋಜನೆಗಳ ಪ್ರಗತಿ ಚಿತ್ರ

ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಮತ್ತು ಪೂರ್ಣಗೊಂಡ ಹಂತಗಳ ಚಿತ್ರವನ್ನು ಸ್ಥಳದ ಅಕ್ಷಾಂಶ, ರೇಖಾಂಶಗಳೊಂದಿಗೆ ನಿಗದಿತ ಮೊಬೈಲ್ ತಂತ್ರಾಂಶದಲ್ಲಿಯೇ ತೆಗೆಯಲಾಗುತ್ತದೆ. ಕಂತಿನ ಹಣವು ಈ ಚಿತ್ರವನ್ನು ಅವಲಂಬಿಸಿರುತ್ತದೆ. ಹಣ ತಡೆಹಿಡಿಯಲಾದ ಸಂದರ್ಭದಲ್ಲಿ ಫಲಾನುಭವಿಗಳು ಮನವಿಯೊಂದಿಗೆ ಪ್ರತ್ಯೇಕ ಚಿತ್ರಗಳನ್ನು ನೀಡುವುದುಂಟು. ಅಂತಹ ಚಿತ್ರದಲ್ಲಿ ಕಲ್ಲಿನ ರಾಶಿ, ಮರಳು, ಸಾರುವೆ ಇವುಗಳನ್ನು ಅಳಿಸಬಾರದು. ಕಾಮಗಾರಿಯು ನಡೆಯುತ್ತಿದೆ ಎಂಬುದಕ್ಕೆ ಅವೇ ನಿಮ್ಮ ಪರವಾದ ಪುರಾವೆ.

(ಈ) ಬೆಳೆ ಹಾನಿಯ ಚಿತ್ರ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಪತ್ತುಗಳಲ್ಲಿ ಹಾನಿಯ ಮಾಹಿತಿಯನ್ನು 72 ಗಂಟೆಗಳ ಒಳಗೆ ನೀಡಬೇಕಾಗುತ್ತದೆ. ಹೆಸರು, ಈರುಳ್ಳಿ, ಮೆಣಸಿನಕಾಯಿ, ಹತ್ತಿ ಯಾವುದೇ ಬೆಳೆಯಿರಲಿ, ಚಿತ್ರದಲ್ಲಿ ಉಳಿದಿರುವ ಹಸಿರು ಗಿಡಗಳನ್ನು ಅಳಿಸಿ ಹಾನಿಯನ್ನು ಹೆಚ್ಚಾಗಿ ತೋರಿಸಿದರೆ ನಿಜವಾಗಿ ಆದ ಹಾನಿಗೂ ಪರಿಹಾರ ಕೈತಪ್ಪುವ ಸಂಭವವಿರುತ್ತದೆ. ಬದುವು, ಪಕ್ಕದ ಹೊಲ, ದೂರದ ಗುಡ್ಡದ ಮೇಲಿನ ಗಾಳಿಯಂತ್ರ ಇವು ಚಿತ್ರದಲ್ಲಿದ್ದರೆ ಇರಲಿ. ಹೊಲವನ್ನು ಗುರುತಿಸಲು ಅವು ಸಹಕಾರಿಯಾಗುತ್ತವೆ.

7. ಚಿತ್ರ ತೆಗೆಯುವ ಮುನ್ನ ಅನುಸರಿಸಬೇಕಾದ ಕ್ರಮಗಳು

ಬೇಡದ ವಸ್ತುವನ್ನು ಚಿತ್ರದಿಂದ ತೆಗೆಯುವುದಕ್ಕಿಂತ ಜಾಗದಿಂದ ತೆಗೆಯುವುದು ಸುಲಭ ಮತ್ತು ನಿರ್ದೋಷವಾದ ಮಾರ್ಗ.

1. ಸರಿಸಬಹುದಾದ ವಸ್ತುಗಳಾದ ಚಕ್ಕಡಿ, ಸೈಕಲ್, ಒಣಹಾಕಿದ ಬಟ್ಟೆ, ಕೊಡ, ಕಟ್ಟಿದ ಎಮ್ಮೆ ಇವುಗಳನ್ನು ಬೇರೆಡೆಗೆ ಸರಿಸಿ ಚಿತ್ರ ತೆಗೆಯಿರಿ.
2. ಸರಿಸಲಾಗದ ವಸ್ತುವಿದ್ದಲ್ಲಿ ನೀವೇ ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ನಿಲ್ಲಿರಿ. ಕಂಬವು ಬಾಗಿಲಿಗೆ ಅಡ್ಡವಾಗುವುದು ತಪ್ಪುತ್ತದೆ. ಕಂಬವು ಚಿತ್ರದಲ್ಲಿಯೂ ಉಳಿಯುತ್ತದೆ.
3. ಸೂರ್ಯನು ಬೆನ್ನಿನ ಹಿಂದೆ ಇರುವಾಗ ಚಿತ್ರ ತೆಗೆಯಿರಿ. ನಿಮ್ಮ ನೆರಳು ಮನೆಯ ಮೇಲೆ ಬೀಳದಂತೆ ನೋಡಿಕೊಳ್ಳಿರಿ.
4. ಒಂದೇ ಚಿತ್ರದ ಬದಲು ಮುಂಭಾಗ, ಎಡಭಾಗ, ಬಲಭಾಗ ಹೀಗೆ ಮೂರು ಚಿತ್ರಗಳನ್ನು ತೆಗೆದಿರಿಸಿಕೊಳ್ಳಿರಿ.
5. ದಾರಿಹೋಕರು ಅಥವಾ ಮಕ್ಕಳು ಚಿತ್ರದಲ್ಲಿ ಬಂದಲ್ಲಿ ಅವರು ಹೋಗುವವರೆಗೆ ಕಾಯ್ದು ಮತ್ತೊಮ್ಮೆ ತೆಗೆಯಿರಿ.
6. ಮೂಲ ಚಿತ್ರವನ್ನು ಅರ್ಜಿಯು ಇತ್ಯರ್ಥವಾಗುವವರೆಗೆ ಮೊಬೈಲ್‌ನಿಂದ ಅಳಿಸಬೇಡಿರಿ. ಅದರೊಳಗೆ ಚಿತ್ರ ತೆಗೆದ ದಿನಾಂಕ ಮತ್ತು ಸಮಯ ದಾಖಲಾಗಿರುತ್ತವೆ. ಸ್ಥಳದ ಸೌಲಭ್ಯ ಚಾಲನೆಯಲ್ಲಿದ್ದರೆ ಸ್ಥಳದ ವಿವರವೂ ಇರುತ್ತದೆ.
7. ವಾಟ್ಸ್‌ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಈ ವಿವರಗಳು ಉಳಿಯುವುದಿಲ್ಲ ಮತ್ತು ಸ್ಪಷ್ಟತೆಯೂ ಕಡಿಮೆಯಾಗುತ್ತದೆ. ಸೇವಾ ಕೇಂದ್ರಕ್ಕೆ ಕಳುಹಿಸುವಾಗ ದಾಖಲೆಯ ರೂಪದಲ್ಲಿ, ಅಂದರೆ ಡಾಕ್ಯುಮೆಂಟ್ ಆಗಿ, ಕಳುಹಿಸುವುದು ಸೂಕ್ತ.

8. ಮನೆಯ ಹಳೆಯ ಚಿತ್ರಗಳನ್ನು ಸರಿಪಡಿಸುವ ವಿಧಾನ

ಮೇಲಿನ ನಿರ್ಬಂಧಗಳು ಅರ್ಜಿಗೆ ಲಗತ್ತಿಸುವ ಚಿತ್ರಗಳಿಗೆ ಸಂಬಂಧಿಸಿದವು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲಾ ಸಂಚಿಕೆ, ಮನೆಯಲ್ಲಿ ತೂಗುಹಾಕುವ ಹಿರಿಯರ ಚಿತ್ರ ಮುಂತಾದವುಗಳಿಗೆ ತಂತ್ರಾಂಶವನ್ನು ಬಳಸಲು ಯಾವುದೇ ಅಡ್ಡಿಯಿರುವುದಿಲ್ಲ. ಗೆದ್ದಲು ತಿಂದ ಅಥವಾ ನೀರಿನ ಕಲೆಯಾದ ಹಳೆಯ ಚಿತ್ರವನ್ನು ಸರಿಪಡಿಸುವುದು ಉಪಯುಕ್ತ ಕೆಲಸವೂ ಹೌದು. ಆಸಕ್ತರು ಈ ಕ್ರಮವನ್ನು ಅನುಸರಿಸಬಹುದು.

ಮೊದಲಿಗೆ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಆ ಕಡತವನ್ನು ‘ಮೂಲ’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಉಳಿಸಿ, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ತಂತ್ರಾಂಶದಲ್ಲಿ ಚಿತ್ರದ ಮೇಲೆ ಹೊಸ ಪದರವೊಂದನ್ನು ತೆರೆದು ತಿದ್ದುಪಡಿಯನ್ನು ಆ ಪದರದಲ್ಲಿಯೇ ಮಾಡಿದರೆ, ತಪ್ಪಾದಾಗ ಪದರವನ್ನಷ್ಟೇ ತೆಗೆದರೆ ಸಾಕಾಗುತ್ತದೆ. ಕ್ಲೋನ್ ಸಾಧನವನ್ನು ಆಯ್ದು, ಗಿಂಪ್‌ನಲ್ಲಿ ಕಂಟ್ರೋಲ್ ಕೀಲಿಯನ್ನು, ಫೋಟೋಶಾಪ್‌ನಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದು, ಕಲೆಯ ಸಮೀಪದ ಶುಭ್ರ ಭಾಗದ ಮೇಲೆ ಕ್ಲಿಕ್ ಮಾಡಬೇಕು. ಬಳಿಕ ಕೀಲಿಯನ್ನು ಬಿಟ್ಟು, ಕಲೆಯ ಮೇಲೆ ಸಣ್ಣ ಕುಂಚದಿಂದ ಸ್ವಲ್ಪಸ್ವಲ್ಪವಾಗಿ ತಿದ್ದಬೇಕು. ಒಂದೇ ಭಾಗವನ್ನು ಪದೇ ಪದೇ ನಕಲು ಮಾಡಿದರೆ ಗೋಡೆಯ ಮೇಲೆ ಒಂದೇ ಬಗೆಯ ಗುರುತು ಸಾಲಾಗಿ ಕಾಣುತ್ತದೆ; ಆದ್ದರಿಂದ ನಕಲಿನ ಮೂಲವನ್ನು ಆಗಾಗ ಬದಲಿಸುತ್ತಿರಬೇಕು. ಚರ್ಮ ಮತ್ತು ಬಟ್ಟೆಯ ಭಾಗಕ್ಕೆ ಹೀಲಿಂಗ್ ಸಾಧನವು ಹೆಚ್ಚು ಸೂಕ್ತ. ವಸ್ತುವನ್ನು ಅಳಿಸಿದಾಗ ಅದರ ನೆರಳನ್ನೂ ಅಳಿಸಲು ಮರೆಯಬಾರದು. ಜೆಪೆಗ್ ರೂಪದಲ್ಲಿ ಪದೇ ಪದೇ ತಿದ್ದಿ ಉಳಿಸಿದಷ್ಟೂ ಗುಣಮಟ್ಟವು ಕುಸಿಯುವುದರಿಂದ, ಕೆಲಸ ಮುಗಿಯುವವರೆಗೆ ತಂತ್ರಾಂಶದ ಸ್ವಂತ ರೂಪದಲ್ಲಿ ಉಳಿಸಿ, ಕೊನೆಗೆ ಒಮ್ಮೆ ಮಾತ್ರ ಜೆಪೆಗ್ ಆಗಿ ಪರಿವರ್ತಿಸಬೇಕು.

ಇಲ್ಲಿಯೂ ಒಂದು ವಿನಂತಿಯಿದೆ. ಗೀರು, ಕಲೆ, ಮಡಿಕೆಗಳನ್ನು ತೆಗೆಯಿರಿ, ಮನುಷ್ಯರನ್ನು ತೆಗೆಯಬೇಡಿರಿ. ಸಹಕಾರಿ ಸಂಘದ ಸಭೆ, ಶಾಲೆಯ ವಾರ್ಷಿಕೋತ್ಸವ, ಮದುವೆ ಮುಂತಾದ ಹಳೆಯ ಗುಂಪು ಚಿತ್ರಗಳ ಅಂಚಿನಲ್ಲಿ ಅರ್ಧ ಮುಖ ಮಾತ್ರ ಕಾಣುವ ಒಬ್ಬರು ನಿಂತಿರುತ್ತಾರೆ. ಚಿತ್ರದ ಅಂದಕ್ಕೆ ಅವರು ಬೇಡವೆನಿಸಬಹುದು. ಆದರೆ ಬೇರೊಂದು ಮನೆಯವರಿಗೆ ತಮ್ಮ ಅಜ್ಜನ ಚಿತ್ರವಾಗಿ ಉಳಿದಿರುವುದು ಅದೊಂದೇ ಆಗಿರಬಹುದು.

9. ಕಾನೂನಿನ ಸ್ಥಿತಿ

ಚಿತ್ರವನ್ನು ತಿದ್ದುವುದೇ ಅಪರಾಧವಲ್ಲ. ವಂಚನೆಯ ಉದ್ದೇಶದಿಂದ ಸುಳ್ಳು ದಾಖಲೆ ಅಥವಾ ಸುಳ್ಳು ವಿದ್ಯುನ್ಮಾನ ದಾಖಲೆಯನ್ನು ಸೃಷ್ಟಿಸುವುದು ಮತ್ತು ಅದನ್ನು ನೈಜವೆಂದು ಬಳಸುವುದು ಅಪರಾಧವಾಗಿದೆ. 1ನೇ ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ 336 ಮತ್ತು 340ನೇ ಪ್ರಕರಣಗಳು ಈ ಬಗ್ಗೆ ವಿವರಿಸುತ್ತವೆ. ವಂಚಿಸುವ ಸಲುವಾಗಿ ಮಾಡಿದ ಖೋಟಾ ದಾಖಲೆಗೆ ಏಳು ವರ್ಷಗಳವರೆಗೆ ಕಾರಾವಾಸ ವಿಧಿಸಲು ಅವಕಾಶವಿದೆ.

ವಿವಾದವು ನ್ಯಾಯಾಲಯಕ್ಕೆ ಹೋದ ಪಕ್ಷದಲ್ಲಿ, ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಕಡತದ ‘ಹ್ಯಾಷ್’ ಮೌಲ್ಯವನ್ನು ನಮೂದಿಸಲಾಗುತ್ತದೆ. ಇದು ಕಡತದ ಒಟ್ಟು ಅಂಕಿಗಳಿಂದ ಲೆಕ್ಕಹಾಕಿ ಪಡೆಯುವ ಗುರುತು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಗುರುತು ಬದಲಾಗುತ್ತದೆ. ಆದ್ದರಿಂದ ಮೂಲ ಚಿತ್ರವನ್ನು ಕಾಯ್ದಿರಿಸುವುದು ಅರ್ಜಿದಾರರ ಹಿತದಲ್ಲಿಯೇ ಇದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿತ್ರವು ಕಪ್ಪಾಗಿ ಬಂದಿದೆ. ಬೆಳಕನ್ನು ಹೆಚ್ಚಿಸಬಹುದೇ?
ಉತ್ತರ: ಇಡೀ ಚಿತ್ರದ ಬೆಳಕನ್ನು ಸಮನಾಗಿ ಹೆಚ್ಚಿಸಿದಾಗ ಯಾವ ವಸ್ತುವೂ ಮರೆಯಾಗುವುದಿಲ್ಲವಾದ್ದರಿಂದ ಮನೆ, ಹೊಲಗಳ ಚಿತ್ರಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಹಗಲಿನಲ್ಲಿ ಮತ್ತೊಮ್ಮೆ ಚಿತ್ರ ತೆಗೆಯುವುದು ಉತ್ತಮ.

ಪ್ರಶ್ನೆ: ಸ್ಟುಡಿಯೋದವರು ನಮಗೆ ತಿಳಿಸದೆಯೇ ಚಿತ್ರವನ್ನು ತಿದ್ದಿದ್ದಾರೆ. ಜವಾಬ್ದಾರಿ ಯಾರದು?
ಉತ್ತರ: ಅರ್ಜಿಗೆ ಸಹಿ ಮಾಡುವವರು ಅರ್ಜಿದಾರರೇ ಆಗಿರುವುದರಿಂದ ವಿವರಣೆಯನ್ನು ಅವರಿಂದಲೇ ಕೇಳಲಾಗುತ್ತದೆ. “ಇದು ಅರ್ಜಿಗೆ ಬೇಕಾದ ಚಿತ್ರ, ಏನನ್ನೂ ಅಳಿಸಬೇಡಿ” ಎಂದು ಮೊದಲೇ ತಿಳಿಸತಕ್ಕದ್ದು.

ಪ್ರಶ್ನೆ: ಚಿತ್ರದಲ್ಲಿ ನೆರೆಯವರ ಮುಖ ಕಾಣುತ್ತಿದ್ದು, ಅವರು ಆಕ್ಷೇಪಿಸುತ್ತಿದ್ದಾರೆ. ಅವರನ್ನು ಅಳಿಸಬಹುದೇ?
ಉತ್ತರ: ಅಳಿಸುವ ಬದಲು ಅವರು ಇಲ್ಲದಿರುವಾಗ ಮತ್ತೊಂದು ಚಿತ್ರ ತೆಗೆಯಿರಿ.

ಪ್ರಶ್ನೆ: ತಿದ್ದಿದ ಚಿತ್ರವನ್ನು ಈಗಾಗಲೇ ಸಲ್ಲಿಸಿಬಿಟ್ಟಿದ್ದೇವೆ. ಮುಂದೇನು?
ಉತ್ತರ: ಸ್ಥಳ ಪರಿಶೀಲನೆಗೆ ಕಾಯದೆ ತಾವಾಗಿಯೇ ಸಂಬಂಧಿಸಿದ ಕಚೇರಿಗೆ ತಿಳಿಸಿರಿ. ಅರ್ಜಿ ಸಂಖ್ಯೆ, ಅಳಿಸಿದ ವಸ್ತು ಮತ್ತು ಕಾರಣವನ್ನು ಒಂದು ಹಾಳೆಯಲ್ಲಿ ಬರೆದು, ಮೂಲ ಚಿತ್ರದ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿಯನ್ನು ಪಡೆಯಿರಿ. ತಾನಾಗಿ ತಿಳಿಸಿದ ತಪ್ಪಿಗೂ ಪರಿಶೀಲನೆಯಲ್ಲಿ ಸಿಕ್ಕಿದ ತಪ್ಪಿಗೂ ಕಡತದಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ಪ್ರಶ್ನೆ: ಚಿತ್ರದ ಕಾರಣದಿಂದ ಅರ್ಜಿಯು ತಿರಸ್ಕೃತವಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ.
ಉತ್ತರ: ಲಿಖಿತ ಹಿಂಬರಹವನ್ನು ಕೋರಿರಿ. ಕಾರಣವು ಬರಹದಲ್ಲಿದ್ದರೆ ಅದನ್ನು ಸರಿಪಡಿಸಿ ಮತ್ತೆ ಅರ್ಜಿ ಸಲ್ಲಿಸಲು ಅಥವಾ ಮೇಲ್ಮನವಿ ಸಲ್ಲಿಸಲು ಅನುಕೂಲವಾಗುತ್ತದೆ.

11. ಮುಕ್ತಾಯ

ಮನೆಯ ಮುಂದೆ ತಿಪ್ಪೆಯಿದೆ, ಗೋಡೆಗೆ ಸುಣ್ಣ ಬಳಿದಿಲ್ಲ, ಛಾವಣಿಯ ತಗಡು ತುಕ್ಕು ಹಿಡಿದಿದೆ ಎಂಬ ಕಾರಣಕ್ಕೆ ಯಾವ ಅರ್ಜಿಯೂ ತಿರಸ್ಕೃತವಾಗುವುದಿಲ್ಲ. ಅರ್ಜಿಯಲ್ಲಿ ಬರೆದದ್ದಕ್ಕೂ ಚಿತ್ರದಲ್ಲಿ ಕಾಣುವುದಕ್ಕೂ ಸ್ಥಳದಲ್ಲಿ ಇರುವುದಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಬಡತನವನ್ನಾಗಲಿ ಅಸ್ತವ್ಯಸ್ತವನ್ನಾಗಲಿ ಸರ್ಕಾರಿ ಕಚೇರಿಯಿಂದ ಮರೆಮಾಚಬೇಕಾದ ಅಗತ್ಯವಿಲ್ಲ. ಅನೇಕ ಸೇವೆಗಳು ಇರುವುದೇ ಅದಕ್ಕಾಗಿ.

ಆದ್ದರಿಂದ ಸಾರ್ವಜನಿಕರು ಅರ್ಜಿಗಳೊಂದಿಗೆ ಇದ್ದದ್ದನ್ನು ಇದ್ದಂತೆಯೇ ತೋರಿಸುವ ಚಿತ್ರಗಳನ್ನು ಸಲ್ಲಿಸಿ, ಮೂಲ ಪ್ರತಿಯನ್ನು ತಮ್ಮಲ್ಲಿ ಕಾಯ್ದಿರಿಸಿಕೊಂಡು, ತ್ವರಿತ ಸೇವೆ ಪಡೆಯಲು ಸಹಕರಿಸಬೇಕಾಗಿ ಕೋರಲಾಗಿದೆ.